ಆಫಿಯಾ ಎಂಬ ಮಾತು

ಹಡಗಿನ ದಿನಚರಿ ಬರೆಯುವ ಕೆಲಸ ಹನಾದಿಯದು. ಅರ್ವಾದ್ ದ್ವೀಪದ ಧಕ್ಕೆಯಿಂದ ಹಗ್ಗ ಬಿಚ್ಚಿದ ದಿನವೇ ಅವಳ ಅಪ್ಪ ಬಹ್ಜತ್ ನೀಲಿ ರಟ್ಟಿನ ಪುಸ್ತಕವೊಂದನ್ನು ಅವಳ ಮಡಿಲಿಗೆ ಹಾಕಿ, "ನಿನಗೆ ಬಾಯಂತೂ ಕೊಡ್ಲಿಲ್ಲ ದೇವರು, ಕೈಯಾದ್ರೂ ಆಡ್ಲಿ" ಎಂದಿದ್ದ. ಮಾತು ಸುಳ್ಳಲ್ಲ. ದಮಾಸ್ಕಸ್ಸಿಗೆ ಹೋಗಿ ಪದವಿ ಮುಗಿಸಿ ಬಂದ ಇಪ್ಪತ್ತೆರಡರ ಹುಡುಗಿ ಈಗಲೂ ಅಂಗಡಿಗೆ ಹೋದರೆ ಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅದನ್ನು ಅಂಗಡಿಯವನ ಮುಂದಿಟ್ಟು, ನೆಲ ನೋಡುತ್ತ ನಿಲ್ಲುವವಳು.

ಅರ್ವಾದಿನಲ್ಲಿ ಕೆಲಸ ಮಾಡುವವರನ್ನು ಕಂಡೂ ಸುಮ್ಮನೆ ದಾಟಿ ಹೋಗುವ ಹಾಗಿಲ್ಲ. ಹಡಗಿನ ಹಲಗೆ ಜೋಡಿಸುವವನಿರಲಿ, ಹರಿದ ಬಲೆ ಹೊಲಿಯುವವಳಿರಲಿ, "ದೇವರು ಆಫಿಯಾ ಕೊಡಲಿ" ಎಂದೇ ಮುಂದೆ ಹೋಗಬೇಕು. ಆಫಿಯಾ ಎಂದರೆ ಮೈಗೆ ಸೌಖ್ಯ, ತೋಳಿಗೆ ಬಲ. ಉಪಕಾರ ಮಾಡಿದವರಿಗೂ ಅದೇ ಮಾತು. ಹನಾದಿ ಅದನ್ನು ತುಟಿಯೊಳಗೇ ಹೇಳಿ ಓಡುವವಳು. "ಏನಂದೆ ತಾಯಿ? ನಮಗಿರ್ಲಿ, ದೇವರಿಗೂ ಕೇಳಿಸ್ಲಿಲ್ಲ" ಎಂದು ಬಡಗಿಗಳು ಹಿಂದಿನಿಂದ ನಗುತ್ತಿದ್ದರು.

ಎಂಬತ್ತೊಂದರ ಬೇಸಿಗೆಯದು. ಬಹ್ಜತ್ ಆರು ವರ್ಷ ಕೂತು ಕಟ್ಟಿದ ಹಾಯಿಹಡಗಿಗೆ ತನ್ನ ತಾಯಿಯ ಹೆಸರನ್ನೇ ಇಟ್ಟಿದ್ದ: ಬಹಿಯ್ಯಾ. "ಇಷ್ಟು ದಿನ ಸಾಕಿದ್ದು ಸಾಲ್ದು ಅಂತ ಈಗ ನನ್ ಬೆನ್ನೇರಿ ಸವಾರಿ ಹೊರಟಿದಾರೆ" ಎಂದು ಅಜ್ಜಿ ಬಂದರು ಬಂದರಿನಲ್ಲೂ ಹೇಳಿಕೊಂಡು ಬಂದಿದ್ದಳು. ಬಹ್ಜತನ ಅಜ್ಜ ಒಮ್ಮೆ ಮರದ ತೊಲೆ ಹೇರಿಕೊಂಡು ಮೆಡಿಟರೇನಿಯನ್ ಸಮುದ್ರದ ಬಾಯಿ ದಾಟಿ, ಆಚೆ ಮಗ್ಗುಲಿನ ಅರಾಯಿಶ್ ಬಂದರಿನವರೆಗೆ ಹೋಗಿಬಂದಿದ್ದನಂತೆ. ಅಲ್ಲಿಗೆ ತಾನೂ ಹೋಗಬೇಕು, ಹೆಂಡತಿ, ತಾಯಿ, ಮಗಳನ್ನು ಕೂರಿಸಿಕೊಂಡು ಹೋಗಬೇಕು ಎಂಬುದು ಬಹ್ಜತನ ಆಸೆ. ಸೈಪ್ರಸ್, ಕ್ರೀಟ್, ಮಾಲ್ಟಾ, ಟ್ಯೂನಿಸ್, ಅಲ್ಜೀರ್ಸ್, ಒರಾನ್ ಎಲ್ಲ ಹಿಂದಾಗಿ, ಹಡಗು ಮೊರೊಕ್ಕೊದ ಬೆಟ್ಟಗಳನ್ನು ಎಡಕ್ಕೆ ಇಟ್ಟುಕೊಂಡು ಸಾಗುತ್ತಿತ್ತು.

ಅರವತ್ತೊಂದನೆಯ ದಿನ ಹನಾದಿ ಬರೆದಳು: "ಮೂಡಣ ಗಾಳಿ. ಅಪ್ಪ ಮಧ್ಯಾಹ್ನ ಊಟ ಮಾಡಲಿಲ್ಲ."

ಅರವತ್ತೆರಡು: "ಗಾಳಿ ಅದೇ. ಅಪ್ಪ ಕಾಫಿ ಬೇಡ ಎಂದ."

ಅದನ್ನು ಬರೆಯುವಾಗಲೇ ತನಗೆ ಹೊಳೆಯಬೇಕಿತ್ತು ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿತು. ಕಾಫಿ ಬೇಡ ಎನ್ನುವ ಬಹ್ಜತನನ್ನು ಹೆತ್ತ ತಾಯಿಯೂ ಕಂಡವಳಲ್ಲ.

"ಒರಾನಿನಲ್ಲಿ ತಿಂದ ಡಬ್ಬಿ ಮೀನು, ಅದರದೇ ಕಾರುಬಾರು" ಎಂದು ಅವನು ಹೊಟ್ಟೆಯ ಬಲಮಗ್ಗುಲನ್ನು ಅಂಗೈಯಲ್ಲಿ ಒತ್ತಿಕೊಂಡೇ ಚುಕ್ಕಾಣಿ ಹಿಡಿದಿದ್ದ. ಹೆಂಡತಿ ನಹ್ಲಾ ಪುದೀನ ಕುದಿಸಿ ಕೊಟ್ಟಳು, ಸೋಂಪು ಕುದಿಸಿ ಕೊಟ್ಟಳು. ಎರಡೂ ಸಮುದ್ರಕ್ಕೇ ಹೋದವು.

ಅರವತ್ತಮೂರನೆಯ ದಿನ ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಅವನಿಗೆ ನಡುಕ ಹತ್ತಿತು. ಹಲ್ಲು ಕಟಕಟ ಎನ್ನುವುದು ಕೇಳಿಸಿ ಹನಾದಿ ತಲೆಯೆತ್ತಿದಳು. ಅಪ್ಪ ಚುಕ್ಕಾಣಿಯ ಮೇಲೆ ಒರಗಿದವನು ಹಾಗೆಯೇ ಜಾರಿ ಹಲಗೆಯ ಮೇಲೆ ಕೂತ, ಆಮೇಲೆ ಮಲಗಿದ. ಯಾರೂ ಹಿಡಿಯದ ಹಡಗು ಗಾಳಿಗೆ ಮುಖ ತಿರುಗಿಸಿತು, ಹಾಯಿ ಪಟಪಟ ಬಡಿಯತೊಡಗಿತು.

"ಚುಕ್ಕಾಣಿ!" ಎಂದ ಬಹ್ಜತ್, ಕಣ್ಣು ತೆರೆಯದೆ.

ಹನಾದಿ ಓಡಿ ಹಿಡಿದಳು. ನಹ್ಲಾ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ರೀ, ಮೈ ಕೆಂಡದ ಹಾಗಿದೆಯಲ್ರೀ, ಮೊದಲೇ ಹೇಳಬಾರದಿತ್ತೇ" ಎಂದು ಅಳುತ್ತಿದ್ದಳು. ಅಲ್ಜೀರ್ಸ್ ಬಿಟ್ಟಾಗಿನಿಂದ ಎಂಜಿನ್ನು ಕೆಟ್ಟು ಕೂತಿತ್ತು. ಇದ್ದದ್ದು ಗಾಳಿ ಒಂದೇ.

"ಬೆಟ್ಟದ ಸಾಲಲ್ಲಿ ಎರಡು ಕೊಂಬಿನ ಗುಡ್ಡ ಕಾಣ್ತಾ ಇದ್ಯಾ?" ಬಹ್ಜತ್ ಒಂದೊಂದೇ ಮಾತು ಕಿತ್ತು ಹೇಳಿದ. "ಅದರ ಬುಡದಲ್ಲಿ ಮೀನುಗಾರರ ಬಂದರಿದೆ. ಮೂಗು ಅಲ್ಲಿಗೆ ಹಿಡಿ. ಹಾಯಿ ನೋಡು ಮಗಳೇ, ನನ್ ಮುಖ ನೋಡ್ಬೇಡ."

ಅವಳು ಹಾಯಿ ನೋಡಿದಳು. ಒಂದೂವರೆ ಗಂಟೆ ಹಾಯಿಯನ್ನೇ ನೋಡಿದಳು. ಅಜ್ಜಿ ಸುಕ್ಕುಗಟ್ಟಿದ ಬೆರಳುಗಳಲ್ಲಿ ಜಪಮಾಲೆ ಎಣಿಸುತ್ತ ಮಗನ ಕಾಲ ಬಳಿ ಕೂತಿದ್ದಳು. ತಮಾಷೆಯೆಲ್ಲ ಎಲ್ಲೋ ಹೋಗಿತ್ತು.

ಬಂದರಿನ ಬಾಯಿಯ ಹತ್ತಿರ ಬೂತಾಯಿ ಮೀನು ಹಿಡಿದು ಮರಳುತ್ತಿದ್ದ ಮೋಟಾರು ದೋಣಿಯೊಂದು ಕಂಡಿತು. ಅದು ಹೊರಳಿ ಹೊರಟುಹೋಗುವುದರಲ್ಲಿತ್ತು. ಅಮ್ಮ ಎದ್ದು ಕೈಬೀಸಿದರೂ ಅವರು ನೋಡಲಿಲ್ಲ. ಆಗ ಹನಾದಿಯ ಎದೆಯ ತಳದಿಂದ ಅವಳಿಗೇ ಗುರುತಿಲ್ಲದ ದನಿಯೊಂದು ಎದ್ದು ಬಂತು.

"ಅಣ್ಣಂದಿರಾ! ನಮ್ಮಪ್ಪ ಸಾಯ್ತಾ ಇದಾನೆ!"

ದೋಣಿ ತಿರುಗಿತು. ಹಗ್ಗ ಎಸೆದರು, ಎಳೆದುಕೊಂಡು ಹೋಗಿ ಧಕ್ಕೆಗೆ ಕಟ್ಟಿದರು. ಬಂದರಿನ ಕಾವಲಿನವನು ಕಾಗದಪತ್ರ ಕೇಳಲು ಬಂದವನು ಬಹ್ಜತನ ಮುಖ ನೋಡಿ, "ಕಾಗದ ಆಮ್ಯಾಲೆ ನೋಡೂಣು. ಮೊದ್ಲ ಮನಶ್ಯಾನ್ನ ಇಳಸ್ರಿ" ಎಂದ. ಆರು ಜನ ಬಲೆಯೊಂದನ್ನು ನಾಲ್ಕು ಮಡಿಕೆ ಮಾಡಿ, ಅದರಲ್ಲಿ ಅವನನ್ನು ತೊಟ್ಟಿಲಿನಲ್ಲಿ ಎತ್ತಿದ ಹಾಗೆ ಎತ್ತಿದರು. ಧಕ್ಕೆಯ ಕೊನೆಗೆ ಮರಳಿನ ಮೇಲೆ ಅರ್ಧ ಸುಟ್ಟ ದೋಣಿಯೊಂದು ಕಪ್ಪಾಗಿ ಬಿದ್ದಿತ್ತು. ಅದರ ಪಕ್ಕದಲ್ಲೇ ಮೀನು ಸಾಗಿಸುವ ಹಳೇ ವ್ಯಾನು ನಿಂತಿತ್ತು. ಐವತ್ತರ ಆಸುಪಾಸಿನ, ಬಿಳಿ ಮೀಸೆಯ ಮುಫದ್ದಲ್ ಎಂಬುವನು ಮಂಜುಗಡ್ಡೆಯನ್ನೂ ಆ ದಿನದ ಮೀನನ್ನೂ ಬುಟ್ಟಿ ಬುಟ್ಟಿಯಾಗಿ ನೆಲಕ್ಕೆ ಸುರಿದು ಗಾಡಿ ಖಾಲಿ ಮಾಡಿದ. ಹಾಸಲು ಕಂಬಳಿ ತಂದವಳು ಅವನ ಹೆಂಡತಿ ರಹೀಮೊ.

"ತೆತ್ವಾನಿನ ದವಾಖಾನಿಗೇ ಒಯ್ಯಬೇಕು. ಇಲ್ಲಿ ಏನೂ ಇಲ್ಲ" ಎಂದ ಮುಫದ್ದಲ್. "ಹತ್ರಿ, ಹತ್ರಿ."

ನಹ್ಲಾ ಗಂಡನ ಜೊತೆ ಹಿಂದೆ ಹತ್ತಿದಳು. ಅಜ್ಜಿ ಹಡಗು ಬಿಟ್ಟು ಬರಲೊಲ್ಲೆ ಎಂದಳು. ಹನಾದಿ ಮುಂದೆ ಕೂತಳು. ಗಾಡಿ ಹೊರಡುವ ಹೊತ್ತಿಗೆ ಧಕ್ಕೆಯ ಮೇಲೆ ನಿಂತ ಅಷ್ಟೂ ಜನರನ್ನು, ನೆಲದ ಮೇಲೆ ಬಿಸಿಲಿಗೆ ಬಿದ್ದ ಅವರ ಮೀನನ್ನು ಅವಳು ನೋಡಿದಳು. ಹೇಗೂ ದನಿ ಒಡೆದಿತ್ತು. ಕಿಟಕಿಯಿಂದ ಹೊರಗೆ ಬಾಗಿ, ಹುಟ್ಟಿದಾಗಿನಿಂದ ಗಟ್ಟಿಯಾಗಿ ಹೇಳದ ಆ ಮಾತನ್ನು ಪೂರ್ತಿ ಎದೆಯಿಂದ ಕೂಗಿದಳು:

"ದೇವರು ನಿಮಗೆಲ್ಲ ಆಫಿಯಾ ಕೊಡಲಿ!"

ಬಲೆ ಹಿಡಿದಿದ್ದವರ ಕೈ ಹಾಗೇ ನಿಂತಿತು. ರಹೀಮೊ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಮುಫದ್ದಲ್ ಒಂದು ಗಳಿಗೆ ಹನಾದಿಯ ಕಡೆ ತಿರುಗಿ ನೋಡಿ ಗಾಡಿ ಬಿಟ್ಟ.

ಆ ಕಾಲಕ್ಕೆ ಅಲ್ಲಿಯ ರಸ್ತೆಯೆಂದರೆ ಬೆಟ್ಟದ ಪಕ್ಕೆಯಲ್ಲಿ ಯಾರೋ ಉಗುರಿನಿಂದ ಗೀರಿದ ಗೆರೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಗಾಳಿ. ಮುಫದ್ದಲ್ ಮೀಸೆ ಕಚ್ಚಿಕೊಂಡು ಓಡಿಸುತ್ತಿದ್ದ. ಹಿಂದಿನಿಂದ ಅಪ್ಪ ನರಳುವುದು ಕೇಳಿಸುತ್ತಿತ್ತು. ಒಂದು ನೀರಿನ ಊಟೆಯ ಬಳಿ ಅವನು ಗಾಡಿ ನಿಲ್ಲಿಸಿ, ತನ್ನ ಮುಂಡಾಸನ್ನೇ ಬಿಚ್ಚಿ ತಣ್ಣೀರಿನಲ್ಲಿ ಅದ್ದಿ, ಬಹ್ಜತನ ಹಣೆಗೆ ಸುತ್ತಿ ಬಂದ. ಹನಾದಿ ಅವನ ಕಡೆ ತಿರುಗಿ ಹೇಳಿದಳು: "ದೇವರು ನಿಮಗೆ ಆಫಿಯಾ ಕೊಡಲಿ, ಚಿಕ್ಕಪ್ಪಾ."

ಅವನ ದವಡೆ ಬಿಗಿಯಿತು. ಗೇರು ಹಾಕಿ ಗಾಡಿ ಬಿಟ್ಟ. ಕೇಳಿಸಲಿಲ್ಲವೇನೋ, ತನ್ನ ದನಿಯ ಹಣೆಬರಹವೇ ಇಷ್ಟು ಎಂದುಕೊಂಡಳು.

ಮುಂದೆ ಬಂಡೆ ಜರಿದು ದಾರಿ ಮುಚ್ಚಿತ್ತು. ಅವನೂ ಅವಳೂ ಇಳಿದರು. ಅವಳು ಒಂದು ಕಲ್ಲು ಸರಿಸುವಷ್ಟರಲ್ಲಿ ಅವನು ಹತ್ತು ಕಲ್ಲು ಕಣಿವೆಗೆ ಉರುಳಿಸಿದ. ಬೆರಳ ತುದಿ ಒಡೆದು ರಕ್ತ ಬಂದಿತ್ತು. ಈ ಸಲ ಕೇಳಿಸಲೇಬೇಕು ಎಂದು ಅವಳು ಅವನ ಎದುರಿಗೇ ನಿಂತು, ಗಟ್ಟಿಯಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು. ಮುಫದ್ದಲ್ ಆಕಾಶ ನೋಡಿದ. ಚುಕ್ಕಾಣಿಯಂತೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮೊದಲಿಗಿಂತ ಜೋರಾಗಿ ಓಡಿಸಿದ.

ಮಧ್ಯಾಹ್ನ ಎರಡಕ್ಕೆ ತೆತ್ವಾನ್ ಮುಟ್ಟಿದರು. ಆಸ್ಪತ್ರೆಯ ಮೆಟ್ಟಿಲ ಬಳಿ ಗಾಲಿಯ ಮಂಚಕ್ಕೆ ಕಾಯದೆ ಮುಫದ್ದಲ್ ಬಹ್ಜತನನ್ನು ಬೆನ್ನಿಗೆ ಹಾಕಿಕೊಂಡು ಒಳಗೆ ಹೋದ. ಒಳಗಿನ ಬಾಗಿಲು ಮುಚ್ಚಿದ ಮೇಲೆ ಹನಾದಿ ಗೋಡೆಗೆ ಒರಗಿ ನಿಂತವನ ಹತ್ತಿರ ಹೋಗಿ ನಾಲ್ಕನೆಯ ಸಲ ಆ ಮಾತು ಹೇಳಿದಳು. ಈಗ ಅವಳು ಅಳುತ್ತಿದ್ದಳು.

ಅವನು ಮೆಲ್ಲಗೆ ಸರಿದು ಹೋಗಿ ಪಡಸಾಲೆಯ ಆ ತುದಿಯ ಬೆಂಚಿನ ಮೇಲೆ ಕೂತ. ಹೊರಟುಹೋಗಲಿಲ್ಲ. ಹತ್ತಿರವೂ ಬರಲಿಲ್ಲ.

ತಾಯಿ ಮಗಳು ಈ ತುದಿಯಲ್ಲಿ. "ಆ ಮನುಷ್ಯನಿಗೆ ನಮ್ಮ ಮೇಲೆ ಏನೋ ಬೇಜಾರು ಕಣೆ" ಎಂದಳು ನಹ್ಲಾ. "ನೀನೇನಾದ್ರೂ ಅಂದ್ಯಾ?"

"ನಾನು ಯಾವತ್ತು ಯಾರಿಗೆ ಏನಂದಿದೀನಮ್ಮಾ?"

ಗಡಿಯಾರದ ಮುಳ್ಳು ಐದರ ಮೇಲೆ ಬಂದಾಗ ಶಸ್ತ್ರವೈದ್ಯ ಹೊರಗೆ ಬಂದ. ಮಾಸ್ಕು ಕೆಳಗೆ ಎಳೆದು ಅವನು ಕೇಳಿದ ಮೊದಲ ಪ್ರಶ್ನೆಯೇ ಬೇರೆ: "ಇವರನ್ನ ಕರಕೊಂಡು ಬಂದವ್ರು ಯಾರು?"

ಹನಾದಿ ಬೆಂಚಿನ ಕಡೆ ಕೈ ತೋರಿಸಿದಳು.

"ಆ ದಾರ್ಯಾಗ ನಾಕು ತಾಸಿಗೆ? ನಾ ಅಲ್ಲಿಂದ ಐದೂವರಿ ತಾಸಿಗೆ ಕಮ್ಮಿ ಎಂದೂ ಬಂದಿಲ್ಲ. ಅಪೆಂಡಿಕ್ಸ್ ಒಡೆದು ಹೊಟ್ಟಿ ತುಂಬ ಕೀವು ಆಗಿತ್ತು. ತೊಳದೀವಿ. ಇನ್ನ ಚಿಂತಿ ಇಲ್ಲ, ಉಳೀತಾರ."

ನಹ್ಲಾ ನೆಲದ ಮೇಲೆ ಹಣೆಯಿಟ್ಟಳು. ಹನಾದಿ ಪಡಸಾಲೆಯ ಉದ್ದಕ್ಕೂ ಓಡಿ ಮುಫದ್ದಲನ ಮುಂದೆ ನಿಂತಳು. ಸಂತೋಷಕ್ಕೆ ಅವಳ ನಾಲಗೆ ಮತ್ತೆ ಅದೇ ಮಾತಿನ ಕಡೆಗೆ ಹೊರಟಿತ್ತು. "ದೇವರು ನಿಮಗೆ ಆ..."

ಮುಫದ್ದಲ್ ಎರಡೂ ಕೈ ಜೋಡಿಸಿ ಅಡ್ಡ ಹಿಡಿದ. "ಸಾಕು ಬೇ ಯವ್ವಾ. ನಾಕು ಸರ್ತಿ ಆತು. ಒಬ್ಬ ಮನಶ್ಯಾನ್ನ ಎಷ್ಟು ಸರ್ತಿ ಸುಡ್ತೀ?"

ಔಷಧದ ತಟ್ಟೆ ಹಿಡಿದು ಹೋಗುತ್ತಿದ್ದ ನುಝಾ ಎಂಬ ದಪ್ಪನೆಯ ನರ್ಸು ಅಲ್ಲೇ ನಿಂತಳು. ಇಬ್ಬರ ಮುಖ ನೋಡಿದಳು. "ಈಕಿ ಏನಂದ್ಲು?"

"ದೇವರು ನನಗ ಆಫಿಯಾ ಕೊಡ್ಲಿ ಅಂದ್ಲು. ಧಕ್ಕಿ ಮ್ಯಾಲೆ ಊರಿಗೆಲ್ಲಾ ಸೇರಿಸಿ ಅಂದ್ಲು."

ನುಝಾ ತಟ್ಟೆಯನ್ನು ಬೆಂಚಿನ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ಹನಾದಿಯ ಭುಜ ಹಿಡಿದು, "ನಮ್ಮ ಸಾಲ್ಯಾಗ ನಿಮ್ಮ ಶಾಮ್ ದೇಶದ, ದಮಾಸ್ಕಸ್ ಕಡಿ ಮಾಸ್ತರ್ ಒಬ್ಬರಿದ್ರು. ಬಂದ ಮೊದಲನೇ ದಿನ ಹಿಂಗ ಅಂದು, ಹುಡುಗ್ರ ಕಡಿಂದ ಕಲ್ಲಿನ ಏಟು ತಿಂದಿದ್ರು. ತಂಗೀ, ಇಬ್ಬರದೂ ಅರಬ್ಬಿ ಭಾಷಾನ ಆದ್ರೂ, ನಿಮ್ಮೂರಾಗ ಆಫಿಯಾ ಅಂದ್ರ ಆರೋಗ್ಯ. ನಮ್ಮೂರಾಗ ಆಫಿಯಾ ಅಂದ್ರ ಬೆಂಕಿ!" ಎಂದಳು.

ಹನಾದಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ಮಂಜುಗಡ್ಡೆಯನ್ನು ನೆಲಕ್ಕೆ ಸುರಿದವನಿಗೆ, ಮುಂಡಾಸು ಬಿಚ್ಚಿಕೊಟ್ಟವನಿಗೆ, ಬೆರಳು ಒಡೆದುಕೊಂಡವನಿಗೆ, ಅಪ್ಪನನ್ನು ಹೊತ್ತವನಿಗೆ ದೇವರು ಬೆಂಕಿ ಕೊಡಲಿ, ಬೆಂಕಿ ಕೊಡಲಿ, ಬೆಂಕಿ ಕೊಡಲಿ. ಒಂದೊಂದು ಅಕ್ಷರ ಬಿಡಿಸಿ ಹೇಳಿದ್ದಳಲ್ಲ.

"ಧಕ್ಕೆಯ ಹತ್ರ ಒಂದು ಸುಟ್ಟ ದೋಣಿ ಇತ್ತು" ಎಂದಳು, ಕೇಳಿಸದಷ್ಟು ಮೆಲ್ಲಗೆ.

"ನಂದ" ಎಂದ ಮುಫದ್ದಲ್. "ಹ್ವಾದ ವರ್ಷ ಹತ್ತಿದ್ದು. ಸ್ಟೋವಿನ ಕಿಡಿ. ಅವತ್ತಿನಿಂದ ಈ ಗಾಡಿ ಹೊಡ್ಯಾಕತ್ತೀನಿ. ದೋಣಿ ಅಂದ್ರ ಹತ್ರಕ್ಕ ಹೋಗಾಕ ಮನಸ್ಸಾಗೂದಿಲ್ಲ."

"ಮತ್ತೆ... ಅಷ್ಟೆಲ್ಲ ಕೇಳಿಸ್ಕೊಂಡೂ ಗಾಡಿ ಯಾಕೆ ನಿಲ್ಲಿಸ್ಲಿಲ್ಲ ನೀವು?"

ಮುಫದ್ದಲ್ ಮೀಸೆ ನೀವಿಕೊಂಡ. "ಮೊದಲನೇ ಸರ್ತಿ, ನನ್ನ ಕಿವೀನ ತಪ್ಪು ಕೇಳ್ತು ಅಂದ್ಕೊಂಡೆ. ಎರಡನೇ ಸರ್ತಿಗೆ ಇಳಿಸಿಬಿಡೂಣು ಅನ್ನಿಸ್ತು, ಸುಳ್ಳ್ಯಾಕ ಹೇಳ್ಲಿ. ಆದ್ರ ಹಿಂದ ನಿಮ್ಮಪ್ಪ ನರಳಾಕತ್ತಿದ್ದ. ಅಂವ ಏನ್ ಮಾಡ್ಯಾನ? ಅಂವ ನನಗೇನೂ ಅಂದಿದ್ದಿಲ್ಲಲ್ಲ."

ನುಝಾ ಈಗ ನಗುತ್ತಿರಲಿಲ್ಲ. "ಸಹ್ಹಾ ಅನ್ನು ತಂಗೀ" ಎಂದಳು. "ದೇವರು ಸಹ್ಹಾ ಕೊಡ್ಲಿ. ನಮ್ಮಲ್ಲಿ ಹಂಗಂತಾರ."

ಬೆಳಗಿನಿಂದ ಕೂಗಿದ್ದ ಹನಾದಿಯ ಹೊಸ ದನಿ ನಾಚಿಕೆಯಲ್ಲಿ ಹೂತುಹೋಗಿತ್ತು. ಮುಫದ್ದಲ್ ಎದ್ದು, "ಇರ್ಲಿ ಬಿಡು, ಗಾಡಿ ರಿಪೇರಿ ನೋಡ್ಕೋಬೇಕು" ಎಂದು ಹೊರಟ.

ಆರು ದಿನಗಳ ಮೇಲೆ ಬಹ್ಜತ್ ಗಂಜಿಯಂಥದೇನೋ ಕುಡಿಯುವಷ್ಟಾದ. ಗಂಜಿ ಮುಗಿಸಿ ಕಾಫಿ ಕೇಳಿದ, ನರ್ಸಿನಿಂದ ಬೈಸಿಕೊಂಡ. ಅಂದು ಹನಾದಿ ಅಜ್ಜಿಯನ್ನು ನೋಡಿ ಬರಲು, ಗಾಡಿಯ ದುರಸ್ತಿಗೆಂದು ಅಷ್ಟೂ ದಿನ ತೆತ್ವಾನಿನಲ್ಲೇ ಉಳಿದಿದ್ದ ಮುಫದ್ದಲನ ವ್ಯಾನಿನಲ್ಲಿ ಬಂದರಿಗೆ ಹೊರಟಳು. ಹಿಂದಿನ ದಿನವೆಲ್ಲ ಕೂತು ಬರೆದ ಚೀಟಿಯೊಂದು ಅವಳ ಮುಷ್ಟಿಯಲ್ಲಿತ್ತು. ಅದರಲ್ಲಿ ಅವಳಿಗೆ ಹೇಳಬೇಕೆನಿಸಿದ್ದು ಎಲ್ಲ ಇತ್ತು, ಕೊನೆಯಲ್ಲಿ ಸಹ್ಹಾ ಎಂಬ ಮಾತೂ ಇತ್ತು. ಧಕ್ಕೆ ಸೇರಿ ಗಾಡಿ ನಿಂತಾಗ ಅದನ್ನು ಅವನ ಕಡೆ ಚಾಚಿದಳು.

ಅವನು ಚೀಟಿಯನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ ತಿರುಗಿಸಿ ನೋಡಿದ. "ನನಗ ಓದಾಕ ಬರೂದಿಲ್ಲವಾ. ನೀನ ಹೇಳು."

ಅವಳು ಬಾಯಿ ತೆರೆಯುವುದರೊಳಗೆ ಹಡಗಿನ ಕಡೆಯಿಂದ ಅಜ್ಜಿಯ ಕೂಗು ಕೇಳಿಸಿತು. ಬಹಿಯ್ಯಾದ ಮೇಲೆ ಹೊಗೆ ಏಳುತ್ತಿತ್ತು. ಮುಫದ್ದಲ್ ಗಾಡಿಯಿಂದ ಹಾರಿದ. ಒಂದು ವರ್ಷದಿಂದ ದೋಣಿಯ ಹತ್ತಿರ ಸುಳಿಯದವನು ಒಂದೇ ನೆಗೆತಕ್ಕೆ ಹಡಗಿನ ಮೇಲಿದ್ದ.

ಹಡಗಿನ ಹಲಗೆಯ ಮೇಲೆ ಸಾಲಾಗಿ ಐದು ಮಣ್ಣಿನ ಅಗ್ಗಿಷ್ಟಿಕೆ. ಐದರಲ್ಲೂ ನಿಗಿನಿಗಿ ಕೆಂಡ. ಮೇಲೆ ಸುಡುಬಿಸಿಲು. ನಡುವೆ ಬೆವರಿನಲ್ಲಿ ತೊಯ್ದ ಅಜ್ಜಿ, ತೊಡೆಯ ಮೇಲೆ ನೀರಿನ ಬಕೆಟ್ಟು ಇಟ್ಟುಕೊಂಡು ಕಾವಲು ಕೂತಿದ್ದಳು.

"ಬಂದ್ಯಾ ನನ್ನವ್ವ!" ಎಂದಳು ಮೊಮ್ಮಗಳನ್ನು ಕಂಡು. "ಈ ಊರ ಹೆಂಗಸ್ರು ಬಂಗಾರದಂಥೋರು, ಆದ್ರೆ ತಲೆ ನೆಟ್ಟಗಿಲ್ಲ. ರೊಟ್ಟಿ ತಂದು ಕೊಡ್ತಾರೆ. ದೇವರು ಆಫಿಯಾ ಕೊಡಲಿ ಅಂತೀನಿ. ಓಡಿಹೋಗಿ ಕೆಂಡ ತಂದಿಡ್ತಾರೆ! ಬೇಡ ಬೇಡ, ಆಫಿಯಾ ಆಫಿಯಾ ಅಂತೀನಿ. ಇನ್ನೊಂದು ತಂದಿಡ್ತಾರೆ! ಆರು ದಿನದಿಂದ ಬೇಯ್ತಾ ಇದೀನಿ ಕಣೇ!"

ಅಷ್ಟರಲ್ಲಿ ರಹೀಮೊ ಆರನೆಯದನ್ನು ಹಿಡಿದು ಓಡಿ ಬರುತ್ತಿದ್ದಳು. "ನಾವೇನ್ ಮಾಡೂದು?" ಎಂದಳು ಗಂಡನಿಗೆ. "ಮುದುಕಿ ಮೂರು ಹೊತ್ತೂ ಬೆಂಕಿ ಬೆಂಕಿ ಅಂತ ಕೇಳತೈತಿ. ಹಲ್ಲಿಲ್ಲದ ಬಾಯಿ, ಅದೊಂದ ಮಾತು ತಿಳೀತು. ಶಾಮಿನ ಮಂದೀಗೆ ನಮ್ಮ ಬ್ಯಾಸಗೀನೂ ಚಳಿ ಇರಬೇಕು ಅಂದ್ಕೊಂಡ್ವಿ. ಅವತ್ತು ಆ ಹುಡುಗೀನೂ ಬೆಂಕಿ ಅಂತ ಒದರಿತ್ತಲ್ಲ, ಆಗಿಂದ ಕೆಂಡ ಮಾಡಕೋತ ಕುಂತೀವಿ."

ಮುಫದ್ದಲನ ಕಿವಿಗೆ ಬೈಗುಳವಾಗಿ ಬಿದ್ದದ್ದು ಅವನ ಹೆಂಡತಿಯ ಕಿವಿಗೆ ಕೋರಿಕೆಯಾಗಿ ಬಿದ್ದಿದೆಯೆಂದು ತಿಳಿದು ಹನಾದಿ ನಿಂತಲ್ಲೇ ನಿಂತಳು. ಆಮೇಲೆ ನಕ್ಕಳು. ನಗು ಅಳುವಾಯಿತು, ಅಳು ಮತ್ತೆ ನಗುವಾಯಿತು. ಧಕ್ಕೆಯ ಮೇಲೆ ಒಬ್ಬೊಬ್ಬರೇ ಸೇರಿದರು. ಬಲೆಯಲ್ಲಿ ಅಪ್ಪನನ್ನು ಎತ್ತಿದ ಆರು ಜನರೂ ಅಲ್ಲಿದ್ದರು. ಮುಷ್ಟಿಯಲ್ಲಿ ಚೀಟಿ ಬೆವರಿಗೆ ಮುದ್ದೆಯಾಗಿತ್ತು. ಅವಳು ಅದನ್ನು ಹತ್ತಿರದ ಕೆಂಡದೊಳಗೆ ಹಾಕಿ, ತಲೆಯೆತ್ತಿ ಹೇಳಿದಳು:

"ನಮ್ಮಪ್ಪ ಬದುಕಿದ. ನೀವು ಬದುಕಿಸಿದಿರಿ. ದೇವರು ನಿಮಗೆಲ್ಲ ಸಹ್ಹಾ ಕೊಡಲಿ."

"ಆಮೀನ್!" ಎಂದಿತು ಧಕ್ಕೆ. "ಈಗ ಸರಿಯಾಗಿ ಬಂತು ನೋಡು ಮಾತು!" ಎಂದು ಯಾರೋ ಕೂಗಿದರು.

ಮುಫದ್ದಲ್ ಅಗ್ಗಿಷ್ಟಿಕೆಗಳಿಗೆ ಒಂದೊಂದಾಗಿ ನೀರು ಸುರಿದ. ಎಲ್ಲ ಆರಿದ ಮೇಲೂ ಇಳಿಯಲಿಲ್ಲ. ಬಾಗಿ ಹಲಗೆಯ ಸಂದಿಗಳ ಮೇಲೆ ಹೆಬ್ಬೆರಳು ಆಡಿಸುತ್ತ ಹಿಂಭಾಗದವರೆಗೂ ಹೋದ. "ಯಾರ ಕೈಗೆಲಸ ಇದು?"

"ಅಪ್ಪಂದು. ಆರು ವರ್ಷ ತಗೊಂಡ."

"ಆರು ವರ್ಷದ್ದ ಕೆಲಸ ಐತಿ" ಎಂದು ಅವನು ಚುಕ್ಕಾಣಿಯ ಹಿಡಿಯ ಮೇಲೆ ಅಂಗೈ ಇಟ್ಟ. ಇಟ್ಟವನು ತೆಗೆಯಲಿಲ್ಲ.

ಹನಾದಿ ಅದನ್ನು ನೋಡಿದಳು. ಮೂರು ತಿಂಗಳು ಭಾರ ಎತ್ತಕೂಡದು, ಹಗ್ಗ ಎಳೆಯಕೂಡದು ಎಂದು ವೈದ್ಯ ಹೇಳಿದಾಗಿನಿಂದ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅರಾಯಿಶ್ ಇನ್ನು ಮೂರೇ ದಿನದ ದಾರಿ. ಬಾಯಿಬಿಟ್ಟು ಕೇಳಲು ಬೇರೆ ಯಾರೂ ಇರಲಿಲ್ಲ, ಅವಳೇ ಇದ್ದದ್ದು.

"ಚಿಕ್ಕಪ್ಪಾ, ನೀವು ನಮ್ಮನ್ನ ಅರಾಯಿಶಿಗೆ ಮುಟ್ಟಿಸ್ತೀರಾ?"

ಅವನು ಹೆಂಡತಿಯ ಕಡೆ ನೋಡಿದ. ರಹೀಮೊ ಕೈಯಲ್ಲಿದ್ದ ಆರನೆಯ ಅಗ್ಗಿಷ್ಟಿಕೆಯನ್ನು ಧಕ್ಕೆಯ ಮೇಲಿಟ್ಟು, "ನನ್ನೇನ್ ನೋಡ್ತೀಯೋ?" ಎಂದಳು. "ಒಂದು ವರ್ಷ ಆತು ನಿನ್ನ ಮೈಯಾಗ ಉಪ್ಪುನೀರಿನ ವಾಸನೀನ ಇಲ್ಲ. ಹೋಗು."

ಹದಿನೈದು ದಿನಕ್ಕೆ ಬಹಿಯ್ಯಾ ಹಗ್ಗ ಬಿಚ್ಚಿತು. ಬಹ್ಜತ್ ದಿಂಬಿಗೊರಗಿ ಕೂತು, ಎರಡು ಗುಟುಕಿಗಿಂತ ಹೆಚ್ಚು ಕೊಡಬೇಡಿ ಎಂದು ವೈದ್ಯ ಹೇಳಿದ್ದ ಕಾಫಿಯ ಮೂರನೆಯ ಗುಟುಕನ್ನು ಅಜ್ಜಿಯ ಕಣ್ಣು ತಪ್ಪಿಸಿ ಕುಡಿಯುತ್ತಿದ್ದ. ಅಮ್ಮ ಧಕ್ಕೆಯವರು ತುಂಬಿಕೊಟ್ಟ ಅಂಜೂರ, ಆಲಿವ್ ಕಾಯಿಗಳನ್ನು ಡಬ್ಬಿಗೆ ಹಾಕುತ್ತಿದ್ದಳು. ಮುಫದ್ದಲ್ ಚುಕ್ಕಾಣಿ ಹಿಡಿದು ನಿಂತಿದ್ದ. ಗಾಳಿ ಸಿಕ್ಕು ಹಾಯಿ ತುಂಬಿದಾಗ ಅವನ ಮುಖ ಹೇಗೆ ಸಡಿಲವಾಯಿತೆಂದರೆ, ಹನಾದಿಗೆ ದಿನಚರಿಯ ಪುಸ್ತಕ ಕೈಯಲ್ಲಿದ್ದರೂ ಬರೆಯುವುದು ಮರೆತು, ಹುಟ್ಟೂರಿನ ಮಾತು ತಾನಾಗಿಯೇ ಹೊರಬಿದ್ದಿತು.

"ದೇವರು ನಿಮಗೆ ಆಫಿಯಾ ಕೊಡಲಿ, ಚಿಕ್ಕಪ್ಪಾ."

ಅಂದ ಮೇಲೆ ನಾಲಗೆ ಕಚ್ಚಿಕೊಂಡಳು.

ಮುಫದ್ದಲ್ ಹಾಯಿಯಿಂದ ಕಣ್ಣು ತೆಗೆಯದೆ ನಕ್ಕ. "ಕೊಡ್ಲಿ ಬಿಡವಾ. ಈ ಸರ್ತಿ ಸುತ್ತಲೂ ನೀರೈತಿ."